ಜಿಎಸ್‌ಟಿ ಹೋಯಿತು, ಪ್ರೀಮಿಯಂ ಮಾತ್ರ ಅಲ್ಲೇ ಇದೆ: ಮುಂಬಯಿಯ ಹಿರಿಯರು ಪಾಲಿಸಿ ಉಳಿಸಿಕೊಳ್ಳುವುದೋ, ಬಿಡುವುದೋ?

ಘಾಟ್ಕೋಪರ್_ಪೂರ್ವ ಕೇಳಿದ್ದು:

ನಮ್ಮ ಸಂಘದ ಸದಸ್ಯ ದಂಪತಿಯ ಪಾಲಿಸಿ ನವೀಕರಣಕ್ಕೆ ಬಂದಿದೆ. ಗಂಡನಿಗೆ 72, ಹೆಂಡತಿಗೆ 68. ಐದು ಲಕ್ಷದ ಫ್ಯಾಮಿಲಿ ಫ್ಲೋಟರ್ (ಇಬ್ಬರಿಗೂ ಸೇರಿ ಒಂದೇ ಮೊತ್ತದ ಪಾಲಿಸಿ), ಒಂಬತ್ತು ವರ್ಷದಿಂದ ಒಂದು ಕಂತೂ ತಪ್ಪಿಲ್ಲ. ಕಳೆದ ಸಲದ ರಸೀದಿಯಲ್ಲಿ ಮೂಲ ಪ್ರೀಮಿಯಂ 40,000, ಅದರ ಮೇಲೆ 18% ಜಿಎಸ್‌ಟಿ 7,200, ಒಟ್ಟು 47,200 ರೂ. ಈ ಸಲದ ನೋಟಿಸ್‌ನಲ್ಲಿ ಜಿಎಸ್‌ಟಿ ಸೊನ್ನೆ, ಪ್ರೀಮಿಯಂ 46,000. ಉಳಿದದ್ದು 1,200 ರೂ.

ಕಳೆದ ಸಭೆಯಲ್ಲಿ ಇದೇ ವಿಷಯ ಎತ್ತಿಕೊಂಡು ಎರಡು ಬಣವಾಯಿತು. ತೆರಿಗೆ ತೆಗೆದದ್ದೇ ದೊಡ್ಡ ಸುಧಾರಣೆ, ಇನ್ನೇನು ಬೇಕು ಎಂದು ಒಂದು ಕಡೆ. ಸರ್ಕಾರದ ಐದು ಲಕ್ಷದ ಯೋಜನೆ ಇರುವಾಗ ಖಾಸಗಿ ಕಂಪನಿಗೆ ದುಡ್ಡು ಸುರಿಯುವುದೇ ತಪ್ಪು ಎಂದು ಇನ್ನೊಂದು ಕಡೆ. ಇದರ ಜೊತೆಗೆ ಸಂಘದ ಮೂಲಕ ಗ್ರೂಪ್ ಪಾಲಿಸಿಯ ಪ್ರಸ್ತಾಪವೂ ಬಂದಿದೆ: ಈ ದಂಪತಿಗೆ 30,000 ಮತ್ತು ತೆರಿಗೆ.

ತಿಳಿದವರು ಹೇಳಿ. ಉಳಿಯಬೇಕಾಗಿದ್ದ 7,200 ಎಲ್ಲಿ ಹೋಯಿತು? ಹಿರಿಯರಿಗೆ 10%ಗಿಂತ ಹೆಚ್ಚು ಏರಿಸಬಾರದು ಎಂಬ ನಿಯಮ ಇದೆಯಂತಲ್ಲ, ಅದು ಇಲ್ಲಿ ನಡೆಯುತ್ತದೆಯೇ? ಸರ್ಕಾರಿ ಯೋಜನೆ ನಂಬಿ ಪಾಲಿಸಿ ಬಿಡಬಹುದೇ? ರೇಷನ್ ಕಾರ್ಡ್ ಇನ್ನೂ ಕಾರ್ಕಳದ್ದು, ಆಧಾರ್ ವಿಳಾಸ ಘಾಟ್ಕೋಪರ್‌ನದು.

ಮಾಟುಂಗಾ_ಲೆಕ್ಕ ಉತ್ತರಿಸಿದ್ದು:

ಮೊದಲು ತೆರಿಗೆ. ಜಿಎಸ್‌ಟಿ ಮಂಡಳಿಯ 56ನೇ ಸಭೆ 2025ರ ಸೆಪ್ಟೆಂಬರ್ 3ರಂದು ತೀರ್ಮಾನಿಸಿತು, ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ ತೆರಿಗೆ ಇಲ್ಲ. ಫ್ಲೋಟರ್ ಮತ್ತು ಹಿರಿಯರ ಪಾಲಿಸಿ ಇದರಲ್ಲೇ ಬರುತ್ತವೆ. ಅದಕ್ಕೂ ಹಿಂದೆ, 2024ರ ಜುಲೈಯಲ್ಲಿ ನಿತಿನ್ ಗಡ್ಕರಿಯವರು ಹಣಕಾಸು ಸಚಿವೆಗೆ ಈ ತೆರಿಗೆ ತೆಗೆಯಿರಿ ಎಂದು ಪತ್ರ ಬರೆದರು. ಆಗಸ್ಟ್‌ನಲ್ಲಿ ವಿರೋಧ ಪಕ್ಷಗಳ ಸಂಸದರು ಅದೇ ಬೇಡಿಕೆ ಹಿಡಿದು ಸಂಸತ್ತಿನ ಆವರಣದಲ್ಲಿ ನಿಂತರು. ಅಂದರೆ ಆಳುವವರೂ ಎದುರಿಸುವವರೂ ಕೇಳಿದ್ದು ಒಂದನ್ನೇ. ಮೂಲ ಪ್ರೀಮಿಯಂ ಯಾಕೆ ಏರುತ್ತದೆ ಎಂದು ಆಗ ಯಾರೂ ಜೋರಾಗಿ ಕೇಳಲಿಲ್ಲ. ನಿಮ್ಮ ನೋಟಿಸ್‌ನಲ್ಲಿ ಕಾಣುತ್ತಿರುವುದು ಆ ಪ್ರಶ್ನೆಯೇ.

47,200ರಲ್ಲಿ ತೆರಿಗೆಯ ಪಾಲು 15.25%. ಮೂಲ ದರ 18% ಏರಿದ ದಿನ ಆ ಉಳಿತಾಯ ಪೂರ್ತಿ ಮುಗಿಯಿತು. ನಿಮ್ಮದು 15% ಏರಿದೆ, ಹಾಗಾಗಿ 1,200 ಉಳಿದಿದೆ.

ಏರಿಕೆಯ ಒಂದು ಸಣ್ಣ ತುಂಡು ತೆರಿಗೆ ವಿನಾಯಿತಿಯಿಂದಲೇ ಬಂದಿರಬಹುದು. ಏಜೆಂಟರ ಕಮಿಷನ್, ಕಚೇರಿ ಬಾಡಿಗೆ, ಸಾಫ್ಟ್‌ವೇರ್, ಟಿಪಿಎ (ಕ್ಲೇಮ್ ನಿರ್ವಹಿಸುವ ಮಧ್ಯವರ್ತಿ ಸಂಸ್ಥೆ) ಶುಲ್ಕ, ಇವಕ್ಕೆಲ್ಲ ಕಂಪನಿ ಜಿಎಸ್‌ಟಿ ಕಟ್ಟುತ್ತದೆ. ಪ್ರೀಮಿಯಂ ಮೇಲೆ 18% ವಸೂಲಾಗುತ್ತಿದ್ದಾಗ ಆ ಮೊತ್ತವನ್ನು ಅದರಲ್ಲಿ ಮುರಿದುಕೊಳ್ಳುತ್ತಿತ್ತು. ಈಗ ಪ್ರೀಮಿಯಂ ವಿನಾಯಿತಿಗೆ ಬಂದಿರುವುದರಿಂದ ಮುರಿದುಕೊಳ್ಳಲು ಏನೂ ಇಲ್ಲ, ಅದು ಖರ್ಚಾಗಿ ಕಂಪನಿಯ ಮೇಲೆಯೇ ಉಳಿಯುತ್ತದೆ. ಆದರೆ 15% ಏರಿಕೆಗೆ ಇದೊಂದೇ ಕಾರಣ ಎಂದರೆ ಒಪ್ಪಬೇಡಿ.

ಇನ್ನು 10%. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆ ಹೇಳುವುದು ಇಷ್ಟು: 60 ದಾಟಿದವರ ಪ್ರೀಮಿಯಂ ವರ್ಷಕ್ಕೆ 10%ಗಿಂತ ಹೆಚ್ಚು ಏರಿಸಕೂಡದು, ಏರಿಸಲೇಬೇಕಾದರೆ ಮೊದಲು ಪ್ರಾಧಿಕಾರದ ಜೊತೆ ಸಮಾಲೋಚನೆ ನಡೆಸಬೇಕು. ಪೂರ್ತಿ ತಡೆ ಅಲ್ಲ, ಆದರೆ ಕೇಳುವ ಹಕ್ಕು ಕೊಡುತ್ತದೆ. ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ ಎರಡು ವಿಷಯ ಬರಹದಲ್ಲಿ ಕೇಳಿ: 6,000 ಏರಿಕೆಯಲ್ಲಿ ವಯಸ್ಸಿನ ಮೆಟ್ಟಿಲಿನದು (ವಯಸ್ಸಿನ ಗುಂಪು ಬದಲಾದಾಗ ಏರುವ ದರ) ಎಷ್ಟು, ದರ ಪರಿಷ್ಕರಣೆಯದು ಎಷ್ಟು; 10% ಮೀರಿದ್ದಕ್ಕೆ ಸಮಾಲೋಚನೆ ನಡೆದಿದೆಯೇ. ವಯಸ್ಸೇ ಕಾರಣ ಎಂಬ ಉತ್ತರ ಬಂದರೆ ಪಾಲಿಸಿಯ ಜೊತೆ ಕೊಟ್ಟ ಪ್ರೀಮಿಯಂ ಕೋಷ್ಟಕ ತೆಗೆದು ನೋಡಿ. ಫ್ಲೋಟರ್‌ನಲ್ಲಿ ದರ ನಿಲ್ಲುವುದು ಸಾಮಾನ್ಯವಾಗಿ ಹಿರಿಯ ಸದಸ್ಯರ ವಯಸ್ಸಿನ ಮೇಲೆ. ಮೆಟ್ಟಿಲು 71ಕ್ಕೆ ಇದ್ದರೆ ಅವರು ಅದನ್ನು ಕಳೆದ ವರ್ಷವೇ ಹತ್ತಿಯಾಗಿದೆ, ಈ ವರ್ಷದ ಏರಿಕೆಗೆ ಆ ಉತ್ತರ ಸಲ್ಲದು. ಕಳೆದ ವರ್ಷ ಕ್ಲೇಮ್ ಮಾಡಿದ್ದಕ್ಕೆ ಎಂದರಂತೂ ನಿಯಮವೇ ವಿರುದ್ಧ ಇದೆ. ಒಬ್ಬರ ಕ್ಲೇಮ್ ನೋಡಿ ಅವರೊಬ್ಬರಿಗೇ ನವೀಕರಣದಲ್ಲಿ ದರ ಹೆಚ್ಚಿಸುವಂತಿಲ್ಲ. ಉತ್ತರ ಬಾರದಿದ್ದರೆ ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾ, ಅಥವಾ 155255ಕ್ಕೆ ಕರೆ.

ಪುಣೆ_ಬಿಬವೇವಾಡಿ ಉತ್ತರಿಸಿದ್ದು:

ಸರ್ಕಾರಿ ಯೋಜನಾದ್ದು ನಾ ಹೇಳ್ತೀನ್ರಿ. ಅಲ್ಲಿ ಎರಡು ಬ್ಯಾರೆ ಬ್ಯಾರೆ ದಾರಿ ಅವ, ಕಲಸಬ್ಯಾಡ್ರಿ.

72 ವರ್ಷದವರಿಗೆ ಕೇಂದ್ರದ ಆಯುಷ್ಮಾನ್ ವಯ ವಂದನಾ ಕಾರ್ಡ್. 2024ರ ಅಕ್ಟೋಬರ್ 29ಕ್ಕ ಶುರು ಆಗೇದ. 70 ತುಂಬಿದ ಮ್ಯಾಲೆ ಆದಾಯ ಕೇಳಂಗಿಲ್ಲ, ವರ್ಷಕ್ಕ 5 ಲಕ್ಷ. ಹಳೇ ಬ್ಯಾನಿಗೂ ಮೊದಲನೇ ದಿನದಿಂದ ಚಿಕಿತ್ಸಾ ಸಿಗ್ತದ. ಖಾಸಗಿ ಪಾಲಿಸಿ ಇದ್ರೂ ಅಡ್ಡಿ ಇಲ್ಲ. ಸಿಜಿಎಚ್‌ಎಸ್ (ಕೇಂದ್ರ ನೌಕರರದ್ದು), ಇಸಿಎಚ್‌ಎಸ್ (ಮಾಜಿ ಸೈನಿಕರದ್ದು) ಇದ್ದವರು ಮಾತ್ರ ಯಾವುದಾರ ಒಂದು ಆರಿಸ್ಕೋಬೇಕು. ಆಯುಷ್ಮಾನ್ ಆ್ಯಪ್‌ನಾಗ ಆಧಾರ್ ಇ-ಕೆವೈಸಿ ಮಾಡಿದ್ರ ಕಾರ್ಡ್ ಬರ್ತದ. ಇದಕ್ಕ ರೇಷನ್ ಕಾರ್ಡಿನ ಜಂಜಾಟ ಇಲ್ಲ, ಕಾರ್ಕಳದ ಮಾತು ಇಲ್ಲಿ ಬರಂಗಿಲ್ಲ. ದೇಶದಾಗ ಯೋಜನಾಕ್ಕ ಸೇರಿದ ಯಾವ ಆಸ್ಪತ್ರೆಯಾಗೂ ನಡೀತದ. ಆಧಾರ್‌ನಾಗ ವಯಸ್ಸು ಏನು ಅದ ಅದೇ ಲೆಕ್ಕ. ಜನ್ಮ ವರ್ಷ ತಪ್ಪು ಬಿದ್ದಿದ್ರ ಮೊದಲು ಅದನ್ನ ತಿದ್ದಿಸ್ರಿ.

68 ವರ್ಷದ ತಾಯಿಯವರಿಗೆ ಇನ್ನ ಎರಡು ವರ್ಷ ಆ ಕಾರ್ಡ್ ಇಲ್ಲ. ಅವರಿಗೆ ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನಾ. ಮೊದಲು ಹಳದಿ, ಕೇಸರಿ ಕಾರ್ಡಿನವರಿಗೆ ಒಂದೂವರೆ ಲಕ್ಷ ಇತ್ತು. 2023ರ ಜುಲೈ ಆದೇಶದಾಗ ಅದನ್ನ 5 ಲಕ್ಷ ಮಾಡಿ, ಬಿಳಿ ಕಾರ್ಡ್ ಸಹಿತ ಎಲ್ಲಾ ಕುಟುಂಬಕ್ಕ ತೆರೆದ್ರು. ಆಗ 1,356 ಚಿಕಿತ್ಸಾ ಅದರಾಗ ಇದ್ವು. ಆದ್ರ ಮಹಾರಾಷ್ಟ್ರದ ರೇಷನ್ ಕಾರ್ಡ್ ಬೇಕು, ಇಲ್ಲಾ ತಹಶೀಲ್ದಾರರ ಅಧಿವಾಸ ಪ್ರಮಾಣಪತ್ರ ಬೇಕು. ನಿಮ್ಮ ಕಡೆಯವರು ಇಲ್ಲೇ ಸಿಕ್ಕಿ ಬೀಳ್ತಾರ್ರಿ. ನಲವತ್ತು ವರ್ಷ ಮುಂಬಯಿಯಾಗ ಇದ್ರೂ ಹೆಸರು ಊರಿನ ಕಾರ್ಡಿನಾಗ ಉಳಿದಿರ್ತದ. ಎರಡು ರಾಜ್ಯದಾಗ ಎರಡು ಕಾರ್ಡ್ ಇಟ್ಕೋಳಾಕ ಬರಂಗಿಲ್ಲ. ಕಾರ್ಕಳದಾಗ ಹೆಸರು ತೆಗಿಸಿದ ಪತ್ರ ತಂದು ಇಲ್ಲಿ ಶಿಧಾವಾಟಪ (ರೇಷನ್) ಕಚೇರಿಯಾಗ ಅರ್ಜಿ ಹಾಕ್ರಿ. ಬ್ಯಾನಿ ಬಂದ ಮ್ಯಾಲೆ ಓಡಾಡಿದ್ರ ಆಗಂಗಿಲ್ಲ, ಈಗೇ ಮಾಡ್ರಿ.

ಆಸ್ಪತ್ರೆಗೆ ಹೋದಾಗ ಮೊದಲು ಆರೋಗ್ಯಮಿತ್ರನ (ಯೋಜನಾದ ಸಹಾಯಕ) ಟೇಬಲ್ ಹುಡುಕ್ರಿ. ಬಿಲ್ಲಿಂಗ್ ಕೌಂಟರಿನಾಗ ಸುಮ್ಮನ ಡಿಪಾಸಿಟ್ ತುಂಬಿದ್ರ ನೀವು ನಗದು ಪೇಷಂಟ್ ಆಗಿಬಿಡ್ತೀರಿ, ಆಮ್ಯಾಲೆ ಯೋಜನಾಕ್ಕ ತಿರುಗಿಸೋದು ಭಾಳ ಕಷ್ಟ. ಇನ್ನೊಂದು ಮುಖ್ಯ ಮಾತು: ಆಸ್ಪತ್ರೆ ಯೋಜನಾದಾಗ ಅದ ಅಂದಾಕ್ಷಣ ಎಲ್ಲಾ ವಿಭಾಗಾನೂ ಇರ್ತಾವ ಅಂತಲ್ಲ. ಡಯಾಲಿಸಿಸ್ಸಿಗೆ ಇರ್ತದ, ಹೃದಯಕ್ಕ ಇರಂಗಿಲ್ಲ. 155388ಕ್ಕ ಫೋನ್ ಮಾಡಿ ಆಸ್ಪತ್ರೆ ಹೆಸರು, ವಿಭಾಗ ಎರಡೂ ಹೇಳಿ ಕೇಳ್ರಿ.

ಅದೂ ಆಗ್ಲಿಲ್ಲ ಅಂದ್ರ ಧರ್ಮಾದಾಯ ಆಸ್ಪತ್ರೆ. ಮುಂಬಯಿ, ಪುಣೆಯ ದೊಡ್ಡ ದೊಡ್ಡ ಟ್ರಸ್ಟ್ ಆಸ್ಪತ್ರೆಗೆಲ್ಲ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಂ ಅನ್ವಯ 10% ಹಾಸಿಗೆ ನಿರ್ಗತಿಕರಿಗೆ ಪುಕ್ಕಟೆ, ಮತ್ತ 10% ದುರ್ಬಲ ವರ್ಗಕ್ಕ ಅರ್ಧ ದರ. ಆದಾಯ ವರ್ಷಕ್ಕ 1,80,000 ಒಳಗಿದ್ರ ಮೊದಲನೇದು, 3,60,000 ಒಳಗಿದ್ರ ಎರಡನೇದು. ಆದಾಯದ ದಾಖಲೆ ತಗೊಂಡು ಆಸ್ಪತ್ರೆಯ ಸಮಾಜಸೇವಾ ಅಧಿಕಾರಿನ್ನ ಕಾಣ್ರಿ. ತುರ್ತು ಇದ್ದಾಗ ಅಂಥಾ ಆಸ್ಪತ್ರೆ ಡಿಪಾಸಿಟ್ ಕೇಳದ ದಾಖಲು ಮಾಡ್ಕೋಬೇಕು ಅಂತ ಬಾಂಬೆ ಹೈಕೋರ್ಟ್ ಒಪ್ಪಿದ ಯೋಜನಾದಾಗೇ ಅದ. ಒಪ್ಪಲಿಲ್ಲ ಅಂದ್ರ ದೂರು ವರಳಿಯ ಧರ್ಮಾದಾಯ ಆಯುಕ್ತರಿಗೆ.

ವಡಾಲಾ_ಬಿಲ್ ಉತ್ತರಿಸಿದ್ದು:

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ಸಂಘದ ವಾದದಲ್ಲಿ ಎರಡೂ ಬಣ ಬಿಟ್ಟ ಒಂದು ಕಾಗದ ಇದೆ: ಆಸ್ಪತ್ರೆಯ ಬಿಲ್. ಪ್ರೀಮಿಯಂ ಹುಟ್ಟುವುದು ಅಲ್ಲಿಂದ. ಅದರ ಮೇಲೆ ಯಾರ ಹಿಡಿತವೂ ಇಲ್ಲದಿರುವವರೆಗೆ ತೆರಿಗೆ ತೆಗೆದರೂ ಅಷ್ಟೆ, 10% ಮಿತಿ ಹಾಕಿದರೂ ಅಷ್ಟೆ.

ಹಿಡಿತ ಏಕಿಲ್ಲ ಎಂಬುದಕ್ಕೆ ಕಾರಣ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ವಿಮೆ ಕೇಂದ್ರದ ಪಟ್ಟಿಯಲ್ಲಿ, ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿ. ಹೈದರಾಬಾದಿನ ಐಆರ್‌ಡಿಎಐ ಕಂಪನಿಗೆ ಮೂಗುದಾರ ಹಾಕಬಹುದು, ಆಸ್ಪತ್ರೆಗೆ ಒಂದು ಪತ್ರವನ್ನೂ ಬರೆಯುವಂತಿಲ್ಲ. ಮಹಾರಾಷ್ಟ್ರ ಆಸ್ಪತ್ರೆಗಳನ್ನು ನೋಂದಾಯಿಸುವುದು 1949ರ ನರ್ಸಿಂಗ್ ಹೋಮ್ ಕಾಯ್ದೆಯಲ್ಲಿ. 2010ರ ಕೇಂದ್ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯನ್ನು ಇಲ್ಲಿ ಅಳವಡಿಸಿಕೊಂಡಿಲ್ಲ. 2021ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ದರಪಟ್ಟಿಯನ್ನೂ ರೋಗಿಗಳ ಹಕ್ಕುಗಳ ಸನ್ನದನ್ನೂ ಎದ್ದು ಕಾಣುವಂತೆ ಹಾಕಬೇಕು. ಹಾಕಬೇಕು ಅಷ್ಟೆ, ದರ ಎಷ್ಟಿರಬೇಕು ಎಂದು ನಿಯಮ ಹೇಳುವುದಿಲ್ಲ.

ರಾಜ್ಯಕ್ಕೆ ಮನಸ್ಸಿದ್ದರೆ ಆಗುತ್ತದೆ ಎಂಬುದು 2020ರ ಮೇ 21ರಂದು ಗೊತ್ತಾಯಿತು. ಕೋವಿಡ್‌ಗೆ ಮಹಾರಾಷ್ಟ್ರ ಖಾಸಗಿ ಆಸ್ಪತ್ರೆಗಳ 80% ಹಾಸಿಗೆ ತನ್ನ ದರಕ್ಕೆ ತಂದಿತು: ದಿನಕ್ಕೆ ವಾರ್ಡ್ 4,000, ಐಸಿಯು 7,500, ವೆಂಟಿಲೇಟರ್ ಸಹಿತ 9,000. ಆದರೆ ಪಿಪಿಇ ಕಿಟ್ಟು, ದುಬಾರಿ ಔಷಧ ಆ ದರದ ಹೊರಗೆ ಉಳಿದವು. ಬಿಲ್ ಉಬ್ಬಿದ್ದು ಅಲ್ಲಿ. ಸ್ಟೆಂಟ್ ವಿಷಯದಲ್ಲೂ ಇದೇ ಪಾಠ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಎನ್‌ಪಿಪಿಎ ಔಷಧ ಲೇಪಿತ ಸ್ಟೆಂಟ್‌ಗೆ 29,600ರ ಮಿತಿ ಹಾಕಿತು. ಸ್ಟೆಂಟ್ ಅಗ್ಗವಾಯಿತು. ಅದನ್ನು ಕೂರಿಸುವ ಪ್ರೊಸೀಜರ್ ಶುಲ್ಕಕ್ಕೆ ಮಿತಿ ಇರಲಿಲ್ಲ. ಒಂದು ಸಾಲಿಗೆ ಬೀಗ ಹಾಕಿದರೆ ಪಕ್ಕದ ಸಾಲು ಬೆಳೆಯುತ್ತದೆ, ಆದ್ದರಿಂದ ಮಿತಿ ಹಾಕುವುದಾದರೆ ಇಡೀ ಚಿಕಿತ್ಸೆಯ ಪ್ಯಾಕೇಜ್‌ಗೇ ಹಾಕಬೇಕು.

ನಮ್ಮ ಕರ್ನಾಟಕದಲ್ಲಿ ಅದನ್ನು ಮಾಡಲು ಹೊರಟದ್ದು ನೆನಪಿರಬಹುದು. 2017ರ ನವೆಂಬರ್‌ನಲ್ಲಿ ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಅವರ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ತಿದ್ದುಪಡಿ ಬೆಳಗಾವಿ ಅಧಿವೇಶನಕ್ಕೆ ಬಂದಾಗ ಖಾಸಗಿ ವೈದ್ಯರು ರಾಜ್ಯದಾದ್ಯಂತ ಹೊರರೋಗಿ ವಿಭಾಗ ಮುಚ್ಚಿದರು. ಕೊನೆಗೆ ಪಾಸಾದ ಕಾಯ್ದೆಯಲ್ಲಿ ದರ ನಿಗದಿ ಸರ್ಕಾರಿ ಯೋಜನೆಗಳ ರೋಗಿಗಳಿಗಷ್ಟೇ ಉಳಿಯಿತು. ಸ್ವಂತ ದುಡ್ಡಿನಿಂದ ಅಥವಾ ಖಾಸಗಿ ವಿಮೆಯಿಂದ ಕಟ್ಟುವವರು ಅಲ್ಲೂ ಹೊರಗೇ ಉಳಿದರು.

ಈಗ ಬಿಲ್ಲನ್ನೇ ಬಿಚ್ಚಿ ನೋಡೋಣ. 3 ಲಕ್ಷದ ಹಳೆ ಪಾಲಿಸಿ, ಕೊಠಡಿ ಮಿತಿ 1%, ಅಂದರೆ ದಿನಕ್ಕೆ 3,000. ರೋಗಿ ತೆಗೆದುಕೊಂಡದ್ದು 6,000ದ ಕೊಠಡಿ, ನಾಲ್ಕು ದಿನ. ಬಿಲ್ ಹೀಗೆ: ಕೊಠಡಿ 24,000, ಸರ್ಜನ್, ಅರಿವಳಿಕೆ, ಓಟಿ, ನರ್ಸಿಂಗ್ ಸೇರಿ 80,000, ಔಷಧ 30,000, ಇಂಪ್ಲಾಂಟ್ 50,000, ಲ್ಯಾಬ್ 16,000. ಒಟ್ಟು 2,00,000. ಕೊಠಡಿ ಮಿತಿಯ ಎರಡರಷ್ಟು ಇರುವುದರಿಂದ ಕೊಠಡಿಯಲ್ಲಿ 12,000, ಸರ್ಜನ್ ಗುಂಪಿನಲ್ಲಿ 40,000 ಕತ್ತರಿಸುತ್ತಾರೆ. ಮೂರು ಸಾವಿರದ ಬದಲು ಆರು ಸಾವಿರದ ಕೊಠಡಿ ಆರಿಸಿದ್ದಕ್ಕೆ ರೋಗಿಯ ಕೈಯಿಂದ ಹೋಗುವುದು 12,000 ಅಲ್ಲ, 52,000. ಏಕೆಂದರೆ ಅದೇ ಸರ್ಜನ್, ಅದೇ ಓಟಿ, ಅದೇ ಹೊಲಿಗೆಗೆ ಕೊಠಡಿಯ ದರ್ಜೆ ನೋಡಿ ಬೇರೆ ಬೇರೆ ದರ ಹಾಕುವ ಪದ್ಧತಿ ಇದೆ. ವಿಮಾ ಕಂಪನಿ ಕತ್ತರಿಸುವುದೂ ಆ ಪದ್ಧತಿಯನ್ನೇ ಹಿಡಿದು.

ಇಲ್ಲಿ ತಪ್ಪುವುದೇನೆಂದರೆ, ಕೆಲವು ಸಲ ಇಡೀ ಬಿಲ್ಲಿಗೆ ಅರ್ಧ ಕತ್ತರಿ ಬಿದ್ದು ಕೈಗೆ 1,00,000 ಬರುತ್ತದೆ. ಅದು ತಪ್ಪು. ಐಆರ್‌ಡಿಎಐನ 2020ರ ಮಾರ್ಗಸೂಚಿಯ ಪ್ರಕಾರ ಔಷಧ ಮತ್ತು ಬಳಕೆ ಸಾಮಗ್ರಿ, ಇಂಪ್ಲಾಂಟ್, ತಪಾಸಣೆ ಇವಕ್ಕೆ ಈ ಕತ್ತರಿ ತಾಗಬಾರದು. ಐಸಿಯು ದರಕ್ಕೂ ತಾಗಬಾರದು. ಆ 96,000 ಪೂರ್ತಿ ಸೇರಿ 1,48,000 ಬರಬೇಕು. ಬಾಕಿ 48,000ಕ್ಕೆ ಸಾಲುಸಾಲಾಗಿ ಲೆಕ್ಕ ಬರೆದು ಕೇಳಿ. ಆ ಆಸ್ಪತ್ರೆಯಲ್ಲಿ ಕೊಠಡಿಗೆ ತಕ್ಕಂತೆ ದರ ಬದಲಾಗುವುದೇ ಇಲ್ಲವಾದರೆ ಸರ್ಜನ್ ಗುಂಪಿಗೂ ಕತ್ತರಿ ಹಾಕುವಂತಿಲ್ಲ. ಹಾಗೆಂದು ಆಸ್ಪತ್ರೆಯಿಂದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ.

ಕಂಪನಿ ಒಂದು ತಿಂಗಳಲ್ಲಿ ಒಪ್ಪದಿದ್ದರೆ ವಿಮಾ ಒಂಬುಡ್ಸ್‌ಮನ್ (ವಿಮೆ ದೂರು ತೀರ್ಮಾನಿಸುವ ಅಧಿಕಾರಿ). ಮುಂಬಯಿ ಕಚೇರಿ ಸಾಂತಾಕ್ರೂಜ್‌ನಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ದೂರು ತೆಗೆದುಕೊಳ್ಳುತ್ತಾರೆ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು.

ಠಾಣೆ_20ಹಾಸಿಗೆ ಉತ್ತರಿಸಿದ್ದು:

ವಡಾಲಾದವರ ಮಾತಿಗೆ ಆಸ್ಪತ್ರೆಯ ಕಡೆಯಿಂದ ಒಂದು ತಿದ್ದುಪಡಿ. ದರ ನಿಗದಿ ಬೇಡ ಎನ್ನುವುದಿಲ್ಲ. ಆದರೆ 20 ಹಾಸಿಗೆಯ ನರ್ಸಿಂಗ್ ಹೋಮ್‌ಗೂ 300 ಹಾಸಿಗೆಯ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ದರ ಬರೆದರೆ ಮೊದಲು ಮುಚ್ಚುವುದು ಸಣ್ಣದೇ. ಬಡಾವಣೆಯ ಹೆರಿಗೆ, ಅಪೆಂಡಿಕ್ಸ್, ಡೆಂಗಿ ನೋಡುವುದು ಇವೇ ಆಸ್ಪತ್ರೆಗಳು. ಸರ್ಕಾರಿ ಯೋಜನೆಯ ಪ್ಯಾಕೇಜ್ ದರ ಖರ್ಚಿಗೆ ಸಾಲದಿದ್ದಾಗ, ಹಣ ತಿಂಗಳುಗಟ್ಟಲೆ ತಡವಾದಾಗ ಆಸ್ಪತ್ರೆ ಯೋಜನೆಯಿಂದ ಹೊರಬರುತ್ತದೆ, ಅಥವಾ ಹಾಸಿಗೆ ಇಲ್ಲ ಎನ್ನುತ್ತದೆ. ಕಾರ್ಡ್ ಕೈಯಲ್ಲಿದ್ದೂ ಜಾಗ ಸಿಗದ ಸ್ಥಿತಿ ಹುಟ್ಟುವುದು ಹೀಗೆ. ಮೊದಲು ಪ್ರತಿ ಚಿಕಿತ್ಸೆಯ ನಿಜವಾದ ಖರ್ಚಿನ ಅಧ್ಯಯನ ಆಗಲಿ, ಊರು ಮತ್ತು ಆಸ್ಪತ್ರೆಯ ಗಾತ್ರ ನೋಡಿ ದರ ಬರೆಯಲಿ, ಹಣ ಗಡುವಿನೊಳಗೆ ಬರಲಿ.

ಇನ್ನೊಂದು ಮಾತು ಯಾರೂ ಎತ್ತಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ ಸರ್ಕಾರದ ಖರ್ಚನ್ನು ಜಿಡಿಪಿಯ 2.5%ಗೆ ಏರಿಸುವುದಾಗಿ ಬರೆದಿತ್ತು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ಅದು 1.84%. ಜನ ಜೇಬಿನಿಂದ ಕಟ್ಟಿದ ಪಾಲು 2013-14ರ 64.2%ರಿಂದ 39.4%ಗೆ ಇಳಿದಿದೆ, ಒಳ್ಳೆಯದೇ. ಆದರೆ ಆ ಜೇಬಿನ ಖರ್ಚಿನಲ್ಲಿ ದೊಡ್ಡದು ತಿಂಗಳು ತಿಂಗಳ ಮಾತ್ರೆ ಮತ್ತು ತಪಾಸಣೆ. ಸಾಮಾನ್ಯ ಪಾಲಿಸಿ ಅದನ್ನು ಮುಟ್ಟುವುದಿಲ್ಲ, ಆಸ್ಪತ್ರೆಗೆ ಸೇರಿದರೆ ಮಾತ್ರ ಅದು ಬಾಗಿಲು ತೆರೆಯುತ್ತದೆ. 68, 72ರ ದಂಪತಿಗೆ ಬಿಪಿ, ಸಕ್ಕರೆ ಮಾತ್ರೆ ಇದ್ದೇ ಇರುತ್ತದೆ. ಮಹಾನಗರಪಾಲಿಕೆಯ ಆಪಲಾ ದವಾಖಾನಾಗಳಲ್ಲಿ ವೈದ್ಯರು, ಔಷಧ, ರಕ್ತ ಪರೀಕ್ಷೆ ಉಚಿತ. ಜನೌಷಧಿ ಅಂಗಡಿಯೂ ಇದೆ. ಅಲ್ಲಿ ಉಳಿದದ್ದನ್ನು ಪ್ರೀಮಿಯಂಗೆ ಹಾಕಿ.

ಘಾಟ್ಕೋಪರ್_ಪೂರ್ವ:

ಎಲ್ಲರಿಗೂ ಧನ್ಯವಾದ. ಪಾಲಿಸಿ ಬಿಡಬಾರದು ಎಂಬುದು ಅರ್ಥವಾಯಿತು. ಆದರೆ 46,000 ಅವರಿಗೆ ನಿಜಕ್ಕೂ ಹೊರೆ. ಸಂಘದ ಗ್ರೂಪ್ ಪಾಲಿಸಿಗೆ ಹೋಗಬಹುದೇ? ಅಥವಾ ಇದನ್ನೇ ಇಳಿಸುವ ದಾರಿ ಇದೆಯೇ?

ಮಾಟುಂಗಾ_ಲೆಕ್ಕ:

ಗ್ರೂಪ್ ಪಾಲಿಸಿಗೆ ಜಿಎಸ್‌ಟಿ ವಿನಾಯಿತಿ ಇಲ್ಲ. 30,000ಕ್ಕೆ 18% ಸೇರಿ 35,400. ವ್ಯತ್ಯಾಸ 10,600, ಕಡಿಮೆ ಮೊತ್ತವಲ್ಲ. ಆದರೆ ಗ್ರೂಪ್‌ನಲ್ಲಿ ಮಾತುಕತೆ ನಡೆಯುವುದು ಸಂಘ ಮತ್ತು ಕಂಪನಿಯ ನಡುವೆ. ಒಂದು ವರ್ಷ ಹಿರಿಯರ ಕ್ಲೇಮ್ ಹೆಚ್ಚಾದರೆ ಕಂಪನಿ ದರ ಎರಡು ಪಟ್ಟು ಕೇಳಬಹುದು, ಸಂಘ ಕೈಬಿಡಬಹುದು. ಆಗ 73ರಲ್ಲಿ ಮತ್ತೆ ಬಾಗಿಲು ತಟ್ಟಬೇಕು.

ಈಗ ಕೈಯಲ್ಲಿರುವುದರ ಬೆಲೆ ನೋಡಿ. ಐಆರ್‌ಡಿಎಐನ 2024ರ ನಿಯಮದಲ್ಲಿ ಐದು ವರ್ಷ ನಿರಂತರ ನಡೆದ ಪಾಲಿಸಿಯಲ್ಲಿ ಹಳೆ ಕಾಯಿಲೆ ಹೇಳಲಿಲ್ಲ ಎಂದು ಕ್ಲೇಮ್ ತಿರಸ್ಕರಿಸುವಂತಿಲ್ಲ, ವಂಚನೆ ಸಾಬೀತಾದರೆ ಮಾತ್ರ ಆದೀತು. ಇವರದು ಒಂಬತ್ತು ವರ್ಷ. ಹೊಸ ಪಾಲಿಸಿ ತೆಗೆದರೆ ಹಳೆ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು.

ಇಳಿಸಲು ನಾನು ಮೊದಲು ನೋಡುವುದು ಫ್ಲೋಟರ್ ಒಡೆಯುವುದನ್ನು. ಈಗ 68ರ ಹೆಂಡತಿಗೂ 72ರ ದರದ ನೆರಳು ಬಿದ್ದಿದೆ. ಗಂಡನಿಗೆ ವಯ ವಂದನಾ ಕಾರ್ಡ್ ಆದ ಮೇಲೆ ಅವರ ವೈಯಕ್ತಿಕ ಮೊತ್ತ 3 ಲಕ್ಷಕ್ಕೆ ಇಳಿಸಿ, ಹೆಂಡತಿಗೆ ಪ್ರತ್ಯೇಕ 5 ಲಕ್ಷ ಇಟ್ಟರೆ ಎಷ್ಟಾಗುತ್ತದೆ ಎಂದು ಅದೇ ಕಂಪನಿಯಿಂದ ಬರಹದಲ್ಲಿ ದರ ತರಿಸಿ. ಒಂಬತ್ತು ವರ್ಷದ ಲಾಭ ಇಬ್ಬರಿಗೂ ಮುಂದುವರಿಯುತ್ತದೆ ಎಂಬ ಸಾಲು ಆ ಪತ್ರದಲ್ಲಿ ಇರಲೇಬೇಕು. ಅದೇ ಕಂಪನಿಯ ಆರೋಗ್ಯ ಸಂಜೀವನಿಗೆ (ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿನ ಪಾಲಿಸಿ) ಮೈಗ್ರೇಟ್ ಆಗುವುದು ಇನ್ನೊಂದು ದಾರಿ. ಅದರಲ್ಲಿ ಪ್ರತಿ ಕ್ಲೇಮ್‌ಗೆ 5% ನಿಮ್ಮ ಪಾಲು. ಕೊಠಡಿಗೆ ವಿಮಾ ಮೊತ್ತದ 2%, ಹೆಚ್ಚೆಂದರೆ ದಿನಕ್ಕೆ 5,000. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಹೆಚ್ಚೆಂದರೆ 40,000. ಮುಂಬಯಿಯಲ್ಲಿ 5,000ಕ್ಕೆ ಸಿಗುವ ಕೊಠಡಿಯನ್ನೇ ಆರಿಸಬೇಕಾಗುತ್ತದೆ. ವಡಾಲಾದವರ 52,000ದ ಲೆಕ್ಕ ಇಲ್ಲೂ ಕಾಯುತ್ತಿರುತ್ತದೆ.

ಸೂಪರ್ ಟಾಪ್-ಅಪ್ (ಮೂಲ ಪಾಲಿಸಿಯ ಮೇಲೆ ಸೇರಿಸುವ ಹೆಚ್ಚುವರಿ ಪಾಲಿಸಿ) ಎಂದು ಯಾರಾದರೂ ಹೇಳಿದರೆ ಬರೀ ಟಾಪ್-ಅಪ್ ಅಲ್ಲ ಎಂದು ಖಚಿತ ಮಾಡಿಕೊಳ್ಳಿ. 5 ಲಕ್ಷದ ಡಿಡಕ್ಟಿಬಲ್ (ಮೊದಲು ನೀವು ಅಥವಾ ಮೂಲ ಪಾಲಿಸಿ ಭರಿಸಬೇಕಾದ ಮೊತ್ತ) ಇದ್ದು ಒಂದೇ ವರ್ಷದಲ್ಲಿ 4 ಲಕ್ಷ, 3 ಲಕ್ಷದ ಎರಡು ಬಿಲ್ ಬಂದರೆ ಟಾಪ್-ಅಪ್ ಒಂದೊಂದೇ ಬಿಲ್ ನೋಡಿ ಒಂದು ರೂಪಾಯಿಯೂ ಕೊಡುವುದಿಲ್ಲ, ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ 2 ಲಕ್ಷ ಕೊಡುತ್ತದೆ.

ದೂರು ಹಾಕಿದ್ದೇವೆ, ಉತ್ತರ ಬರಲಿ ಎಂದು ಕಂತು ತಡೆಹಿಡಿಯಬೇಡಿ. 30 ದಿನದ ಗ್ರೇಸ್ ಅವಧಿ ಒಂಬತ್ತು ವರ್ಷದ ಲಾಭವನ್ನು ಉಳಿಸುತ್ತದೆ, ಆದರೆ ಗಡುವು ದಾಟಿ ಕಟ್ಟುವವರೆಗಿನ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮ್ ಸಿಗುವುದಿಲ್ಲ. ಗಡುವಿನೊಳಗೆ 46,000 ಕಟ್ಟಿ, ರಸೀದಿಯ ಪ್ರತಿಯನ್ನು ದೂರಿನ ಜೊತೆ ಲಗತ್ತಿಸಿ, ಏರಿಕೆಯನ್ನು ಆಕ್ಷೇಪಿಸಿ ಕಟ್ಟಿದ್ದೇವೆ ಎಂದು ಇಮೇಲ್‌ನಲ್ಲಿ ಒಂದು ಸಾಲು ಸೇರಿಸಿ.